ಒಂದೇ ಕುರ್ಚಿ, ಮೂರು ಜನ

ಇಂಟರ್ನೆಟ್ ಅಂದರೆ ನನಗೆ ಮೊದಲು ನೆನಪಾಗುವುದು ಬಾಡಿಗೆ ಸೈಕಲ್.

ದಾವಣಗೆರೆಯಲ್ಲಿ ನಮ್ಮ ಬೀದಿಯ ಮೂಲೆಗೆ ಒಂದು ಸೈಕಲ್ ಅಂಗಡಿ ಇತ್ತು. ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಿದ್ದರು. ಅಂಗಡಿಯವರು ಉದ್ದನೆಯ ನೋಟ್‌ಬುಕ್ಕಿನಲ್ಲಿ ಹೆಸರು, ಹೊರಟ ಟೈಮು ಬರೆದುಕೊಳ್ಳುತ್ತಿದ್ದರು. ನಾವು ಮೂರು ಜನ ಚಿಲ್ಲರೆ ಕೂಡಿಸಿ ಒಂದು ಸೈಕಲ್ ತಗೊಳ್ಳುತ್ತಿದ್ದೆವು. ಒಬ್ಬ ಬಾರ್ ಮೇಲೆ, ಒಬ್ಬ ಕ್ಯಾರಿಯರ್ ಮೇಲೆ, ಇನ್ನೊಬ್ಬ ತುಳಿಯಬೇಕು. ಹೈಸ್ಕೂಲ್ ಮೈದಾನದ ಸುತ್ತ ನಾಲ್ಕು ರೌಂಡ್ ಹೊಡೆದು, ಐದು ನಿಮಿಷ ಮೊದಲೇ ವಾಪಸ್ ತಂದು ನಿಲ್ಲಿಸುತ್ತಿದ್ದೆವು. ಒಂದು ನಿಮಿಷ ಜಾಸ್ತಿ ಆದರೂ ಅರ್ಧ ಗಂಟೆ ದುಡ್ಡು ಕೇಳುತ್ತಾರೆ ಅನ್ನುವ ಹೆದರಿಕೆ.

2000ನೇ ಇಸವಿಯ ಹೊತ್ತಿಗೆ ನಾನು ಒಂಬತ್ತನೇ ಕ್ಲಾಸು. ಅದೇ ಬೀದಿಯಲ್ಲಿ, ನಾಲ್ಕು ಅಂಗಡಿ ಆಚೆ, ಎಸ್‌ಟಿಡಿ ಬೂತಿನವರು ನೆಲಮಾಳಿಗೆಯಲ್ಲಿ ಸೈಬರ್ ಸೆಂಟರ್ ತೆರೆದರು. ಗಂಟೆಗೆ 40 ರೂಪಾಯಿ. ಇಲ್ಲೂ ಅಂಥದ್ದೇ ಉದ್ದ ನೋಟ್‌ಬುಕ್ಕು. ಹೆಸರು, ಒಳಗೆ ಹೋದ ಟೈಮು, ಸಹಿ. ಚಿಲ್ಲರೆ ಕೂಡಿಸಿ ಹೋದದ್ದೂ ನಾವು ಮೂರೇ ಜನ. ಆ 40 ರೂಪಾಯಿಗೆ ಮೂವರೂ ಹೊಟ್ಟೆ ತುಂಬ ಬೆಣ್ಣೆ ದೋಸೆ ತಿಂದು ಬರಬಹುದಿತ್ತು. ಎಷ್ಟೋ ಸಲ ಮೆಟ್ಟಿಲ ಹತ್ತಿರ ನಿಂತು, ಯಾವುದು ಅಂತ ತೀರ್ಮಾನ ಆಗದೆ, ಕೊನೆಗೆ ಒಂದು ಪೊಟ್ಟಣ ಮಂಡಕ್ಕಿ ಕಟ್ಟಿಸಿಕೊಂಡು ಮನೆಗೆ ಹೋದದ್ದೂ ಉಂಟು.

ಬಾಗಿಲಲ್ಲಿ ‘ಚಪ್ಪಲಿ ಹೊರಗೆ ಬಿಡಿ’ ಅಂತ ಬೋರ್ಡು. ಒಳಗೆ ಏಸಿ. ದೂಳು ಬಿದ್ದರೆ ಕಂಪ್ಯೂಟರ್ ಕೆಡುತ್ತದೆ ಅನ್ನುವ ನಂಬಿಕೆ ಆಗ. ಬರಿಗಾಲಲ್ಲಿ, ಕೈ ಕಟ್ಟಿಕೊಂಡು, ದುಗ್ಗಮ್ಮನ ಗುಡಿಗೆ ಹೋದ ಹಾಗೆ ಹೋಗುತ್ತಿದ್ದೆವು. ಆ ಚಪ್ಪಲಿ ವಿಷಯ ಮುಂದೆ ಇನ್ನೊಮ್ಮೆ ಬರುತ್ತದೆ, ನೆನಪಿರಲಿ.

ಐದು ಮಿಷಿನ್ನು, ಪ್ಲೈವುಡ್ ಗೂಡುಗಳು, ಒಂದು ಫೋನ್ ಲೈನು. ಆ ಲೈನಿನಲ್ಲಿ ಫೋನ್ ಹಚ್ಚಿ ಇಂಟರ್ನೆಟ್ ತರುವ ಡಬ್ಬಿಯೇ ಮೋಡೆಮ್. ಅದರ ಮೇಲೆ 56 ಕೆ ಅಂತ ಬರೆದಿರುತ್ತಿತ್ತು. ಅದು ಸೆಕೆಂಡಿಗೆ 56 ಕಿಲೋಬಿಟ್, ಅಂದರೆ ಎಲ್ಲ ಸರಿ ಇದ್ದರೂ 7 ಕಿಲೋಬೈಟು. ಅದನ್ನು ಐದು ಜನ ಹಂಚಿಕೊಳ್ಳಬೇಕು. 100 ಕಿಲೋಬೈಟಿನ ಒಂದು ಫೋಟೊ ತೆರೆಯಲು ಒಂದು ನಿಮಿಷಕ್ಕಿಂತ ಜಾಸ್ತಿ. ಗಂಟೆಗೆ 40 ರೂಪಾಯಿಯ ಲೆಕ್ಕದಲ್ಲಿ ಒಂದು ಫೋಟೊಗೆ ಮುಕ್ಕಾಲು ರೂಪಾಯಿ ಬಿತ್ತು. ಚಿತ್ರ ಮೇಲಿನಿಂದ ಕೆಳಗೆ ಇಳಿಯುತ್ತಿತ್ತು. ಮೊದಲು ಸ್ಟೇಡಿಯಂ, ಆಮೇಲೆ ಹೆಲ್ಮೆಟ್ಟು. ಮೂಗಿನ ಹತ್ತಿರ ಬರುವಷ್ಟರಲ್ಲಿ ನಮ್ಮಲ್ಲಿ ಒಬ್ಬ, ‘ಲೇ ಇದು ಸಚಿನ್ ಅಲ್ಲಲೇ, ಬಂದ್ ಮಾಡಲೇ’ ಅನ್ನುತ್ತಿದ್ದ.

ಕಾಯುವಾಗ ಪರದೆ ಮೇಲೆ ಮರಳು ಗಡಿಯಾರ ಬರುತ್ತಿತ್ತಲ್ಲ, ಅದನ್ನು ನಾವು ‘ಬುಡುಬುಡಿಕೆ’ ಅನ್ನುತ್ತಿದ್ದೆವು. ಮರಳು ಗಡಿಯಾರ ಅಂತ ಒಂದಿದೆ ಅಂತಲೇ ನಮಗೆ ಗೊತ್ತಿರಲಿಲ್ಲ. ಬೆಳಗಿನ ಜಾವ ಬಂದು ಶಕುನ ಹೇಳುವವರ ಕೈಯಲ್ಲಿನ ಬುಡುಬುಡಿಕೆ ಗೊತ್ತಿತ್ತು. ‘ಬುಡುಬುಡಿಕೆ ಬಂತು, ಕೈ ತೆಗಿ’ ಅಂದರೆ ಮೌಸ್ ಮುಟ್ಟಬೇಡ ಅಂತ ಅರ್ಥ.

ಬಹಳ ವರ್ಷ ಆದ ಮೇಲೆ ದಿಲ್ಲಿಯ ಕಾಲ್ಕಾಜಿಯ ಕಥೆ ಓದಿದೆ. 1999ರ ಜನವರಿಯಲ್ಲಿ ಸುಗತ ಮಿತ್ರ ಅನ್ನುವವರು ಅಲ್ಲಿ ತಮ್ಮ ಆಫೀಸಿನ ಗೋಡೆಗೆ ತೂತು ಕೊರೆದು, ಆಚೆ ಬದಿಯ ಸ್ಲಂ ಮಕ್ಕಳ ಕೈಗೆ ಸಿಗುವ ಹಾಗೆ ಒಂದು ಕಂಪ್ಯೂಟರ್ ಇಟ್ಟರು. ಮೇಷ್ಟ್ರಿಲ್ಲ, ಪಾಠ ಇಲ್ಲ. ಮಕ್ಕಳೇ ಗುಂಪು ಕೂಡಿ ಕಲಿತರು. ಆ ಮಕ್ಕಳು ಮರಳು ಗಡಿಯಾರಕ್ಕೆ ಏನಂದರು ಗೊತ್ತಾ? ಡಮರು. ಓದಿ ನಾನು ಒಬ್ಬನೇ ಕೂತು ನಕ್ಕೆ. ಅವರು ಯಾರೋ, ನಾವು ಯಾರೋ. ಹೆಸರು ಮಾತ್ರ ಎರಡೂ ಕಡೆ ಒಂದೇ ಕೈಯಿಂದ ಬಂದ ಹಾಗಿದೆ.

ನಿಜ ಹೇಳಬೇಕೆಂದರೆ ಆ ಕಥೆಯಲ್ಲಿ ನನ್ನ ಮನಸ್ಸು ಹಿಡಿದದ್ದು ಡಮರು ಅಲ್ಲ, ಗುಂಪು. ಇಂಟರ್ನೆಟ್ ಬಂದು ಮಕ್ಕಳು ಒಂಟಿಯಾದರು ಅಂತ ಎಲ್ಲರೂ ಹೇಳುತ್ತಾರೆ. ನಮ್ಮ ಊರಿನಲ್ಲಿ ಒಂಟಿಯಾಗಲು ದುಡ್ಡೆಲ್ಲಿತ್ತು? ಪ್ಲಾಸ್ಟಿಕ್ ಕುರ್ಚಿಯ ನಡುವೆ ಒಬ್ಬ, ಎರಡೂ ತುದಿಯಲ್ಲಿ ಅರ್ಧರ್ಧ ಕೂತ ಇಬ್ಬರು. ನಡುವಿನವನು ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಹೋಗುತ್ತಿದ್ದವನು, ಅವನದು ಕೈಕೆಲಸ. ಎಡಗಡೆಯವನು ಇಂಗ್ಲಿಷ್ ಮೀಡಿಯಂ, ವಾಕ್ಯ ಕಟ್ಟುವುದು ಅವನ ಪಾಲು. ನನ್ನ ಕೆಲಸ ವಾಚು ನೋಡುವುದು. ಹೋಗುವ ಮೊದಲೇ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಪಟ್ಟಿ ಬರೆದುಕೊಂಡು ಹೋಗುತ್ತಿದ್ದೆವು: ಮೊದಲು ಸ್ಕೋರು, ಆಮೇಲೆ ಮೇಲು, ಟೈಮ್ ಉಳಿದರೆ ಚಾಟು. ಸಂತೆಗೆ ಚೀಟಿ ಹಿಡಿದುಕೊಂಡು ಹೋದ ಹಾಗೆ.

ಭಾನುವಾರ ಬೆಳಿಗ್ಗೆ ಹತ್ತರ ತನಕ ಅಲ್ಲಿ ಅರ್ಧ ರೇಟು. ಅಂಥ ಒಂದು ಭಾನುವಾರ ಒಂಬತ್ತೂವರೆಗೆ ಯಾಹೂ ಚಾಟ್ ರೂಮಿನಲ್ಲಿ ಬ್ರೆಜಿಲ್ಲಿನ ಒಬ್ಬ ಹುಡುಗ ಸಿಕ್ಕ. ಆಗ ಚಾಟ್ ಅಂದರೆ ಮೊದಲ ಪ್ರಶ್ನೆ ಒಂದೇ: ಎಎಸ್‌ಎಲ್. ವಯಸ್ಸೆಷ್ಟು, ಗಂಡೋ ಹೆಣ್ಣೋ, ಯಾವ ಊರು. ನಾವು ‘15, ಹುಡುಗ, ಬೆಂಗಳೂರು’ ಅಂತ ಹಾಕಿದೆವು. ದಾವಣಗೆರೆ ಅಂದರೆ ಆ ಹುಡುಗನಿಗೆ ಏನು ಗೊತ್ತಾಗಬೇಕು? 1997ರಲ್ಲಿ ಚಿತ್ರದುರ್ಗದಿಂದ ಬೇರೆಯಾಗಿ ನಾವು ಜಿಲ್ಲೆ ಆಗಿದ್ದು ರಾಜ್ಯದಲ್ಲೇ ಎಷ್ಟೋ ಜನಕ್ಕೆ ಇನ್ನೂ ತಲೆಗೆ ಹೋಗಿರಲಿಲ್ಲ.

ಅವನು ಕೇಳಿದ ಎರಡನೇ ಪ್ರಶ್ನೆ: ‘ಉತ್ತರ ಕೊಡಲು ಇಷ್ಟು ಹೊತ್ತು ಯಾಕೆ?’ ಹೊತ್ತಾಗದೆ ಏನು. ಒಬ್ಬ ಹೇಳಬೇಕು, ಇನ್ನೊಬ್ಬ ಬೇಡ ಅನ್ನಬೇಕು, ಮೂರನೆಯವನು ಸ್ಪೆಲ್ಲಿಂಗ್ ಹುಡುಕಬೇಕು. ಆ ಹುಡುಗನ ಲೆಕ್ಕದಲ್ಲಿ ನಾವು ಒಬ್ಬನೇ. ನಿಧಾನಕ್ಕೆ ಯೋಚಿಸಿ ಮಾತಾಡುವ, ಬೆಂಗಳೂರಿನ ಒಬ್ಬ ಗಂಭೀರ ಹುಡುಗ. ಮೂರು ತಲೆ ಸೇರಿ ಆದ ಆ ಹುಡುಗ ಈಗಲೂ ಎಲ್ಲೋ ಬ್ರೆಜಿಲ್ಲಿನ ಒಬ್ಬರ ನೆನಪಿನಲ್ಲಿ ಇರಬಹುದು. ನಮಗಿಂತ ಒಳ್ಳೆಯವನಾಗಿಯೇ ಇದ್ದ ಅವನು.

ಅಲ್ಲಿ ಆಗ ರಾತ್ರಿ ಒಂದು ಗಂಟೆ. ಯಾಕೆ ಮಲಗಿಲ್ಲ ಅಂತ ಕೇಳಿದ್ದಕ್ಕೆ, ‘ಈಗ ಫೋನ್ ಅಗ್ಗ’ ಅಂದ. ನಮಗೆ ತಕ್ಷಣ ಅರ್ಥವಾಯಿತು! ಯಾಕೆಂದರೆ ನಾವು ಕೂತಿದ್ದದ್ದೇ ಎಸ್‌ಟಿಡಿ ಬೂತಿನ ಕೆಳಗೆ. ರಾತ್ರಿ 11 ಆದ ಮೇಲೆ ದೂರದ ಊರಿನ ಎಸ್‌ಟಿಡಿ ಫೋನಿಗೆ ದರ ನಾಲ್ಕನೇ ಒಂದು ಭಾಗ ಆಗುತ್ತಿತ್ತು. ದೂರದ ಊರಲ್ಲಿ ಮಗಳನ್ನು ಕೊಟ್ಟವರು, ಮಿಲಿಟರಿಯಲ್ಲಿ ಮಗ ಇದ್ದವರು, ಎಲ್ಲರೂ ಹತ್ತೂಮುಕ್ಕಾಲಿಗೇ ಬಂದು ಬೂತಿನ ಮುಂದೆ ಕೂರುತ್ತಿದ್ದರು. ಕೆಂಪು ಅಂಕಿಯ ಮೀಟರ್ ನೋಡುತ್ತಲೇ ಮಾತಾಡುತ್ತಿದ್ದರು. ಬ್ರೆಜಿಲ್ಲಿನಲ್ಲಿ ಆಗ ಮಧ್ಯರಾತ್ರಿ 12ರಿಂದ ಬೆಳಿಗ್ಗೆ 6ರವರೆಗೆ ಎಷ್ಟು ಹೊತ್ತು ಮಾತಾಡಿದರೂ ಒಂದೇ ಪಲ್ಸ್, ಅಂದರೆ ಮೀಟರಿನ ಒಂದೇ ಎಣಿಕೆಯ ದುಡ್ಡು. ಶನಿವಾರ ಮಧ್ಯಾಹ್ನ 2ಕ್ಕೆ ಶುರುವಾದರೆ ಸೋಮವಾರ ಬೆಳಗಿನವರೆಗೂ ಹಾಗೇ. ಹಾಗಾಗಿ ಅಲ್ಲಿ ಒಂದು ತಲೆಮಾರಿನ ಮಕ್ಕಳು ಅಪ್ಪ ಅಮ್ಮ ಮಲಗಿದ ಮೇಲೆ ಮೋಡೆಮ್ ಮೇಲೆ ದಿಂಬು ಒತ್ತಿ ಹಿಡಿದು, ಅದರ ಕಿರುಚಾಟ ಕೇಳದ ಹಾಗೆ ಮಾಡಿ, ಇಂಟರ್ನೆಟ್ ನೋಡಿದರು.

ಜಪಾನಿನಲ್ಲೂ ಹೆಚ್ಚು ಕಡಿಮೆ ಇದೇ ಕಥೆ. 1995ರಲ್ಲಿ ಅಲ್ಲಿನ ಟೆಲಿಫೋನ್ ಕಂಪನಿ ಎನ್‌ಟಿಟಿ ರಾತ್ರಿ 11ರಿಂದ ಬೆಳಿಗ್ಗೆ 8ರವರೆಗೆ ತಿಂಗಳಿಗೆ ಒಂದೇ ದರ ಅಂತ ಮಾಡಿತು. ಹನ್ನೊಂದು ಹೊಡೆದ ಕೂಡಲೇ ದೇಶದ ಲೈನೆಲ್ಲ ಬಿಜಿ. ಅಮೆರಿಕದ ಮಕ್ಕಳಿಗೆ ಈ ಕಷ್ಟ ಇರಲಿಲ್ಲ. ಅಲ್ಲಿ ಲೋಕಲ್ ಕಾಲ್ ಹೆಚ್ಚಿನ ಕಡೆ ಪುಕ್ಕಟೆ. 1996ರ ಡಿಸೆಂಬರಿನಲ್ಲಿ ಎಒಎಲ್ ಅನ್ನುವ ಇಂಟರ್ನೆಟ್ ಕಂಪನಿ ತಿಂಗಳಿಗೆ 19.95 ಡಾಲರ್ ಕೊಟ್ಟರೆ ಎಷ್ಟು ಬೇಕಾದರೂ ಬಳಸಿ ಅಂದುಬಿಟ್ಟಿತು. ಅಲ್ಲಿನ ಮಕ್ಕಳ ವೈರಿ ಬಿಲ್ ಅಲ್ಲ, ಫೋನ್ ಬೇಕು ಅಂತ ಅಡುಗೆಮನೆಯಿಂದ ಕೂಗುವ ಅಮ್ಮ.

ನಮಗೆ ರಾತ್ರಿ ಕೊನೆಗೆ ಬಂತು. 2005ರಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಶುರುವಾಯಿತು, ಸೆಕೆಂಡಿಗೆ 256 ಕಿಲೋಬಿಟ್. ಆಮೇಲೆ ಬಂದ ಕೆಲವು ಪ್ಲಾನುಗಳಲ್ಲಿ ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಎಷ್ಟು ಬಳಸಿದರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ನನ್ನ ಚಿಕ್ಕಪ್ಪನ ಮಗ ಎರಡಕ್ಕೆ ಅಲಾರಂ ಇಟ್ಟುಕೊಂಡು ಏಳುತ್ತಿದ್ದ. ಹುಡುಗ ಓದಲು ಏಳುತ್ತಾನೆ ಅಂತ ಚಿಕ್ಕಮ್ಮ ಮಂಡಿಪೇಟೆಯವರೆಗೂ ಹೇಳಿಕೊಂಡು ಬಂದಿದ್ದರು. ಅವನು ನನಗಿಂತ ಆರು ವರ್ಷ ಚಿಕ್ಕವನು, ಅಷ್ಟೇ. ಆದರೆ ಅವನ ಇಂಟರ್ನೆಟ್ ಬೇರೆ, ನನ್ನದು ಬೇರೆ. ಅವನ ಕುರ್ಚಿಯಲ್ಲಿ ಅವನೊಬ್ಬನೇ. ದಾವಣಗೆರೆಯ ನನಗೂ ಈ ತಮ್ಮನಿಗೂ ಇರುವ ಅಂತರಕ್ಕಿಂತ ಅವನಿಗೂ ಆ ಬ್ರೆಜಿಲ್ ಹುಡುಗನಿಗೂ ಇರುವ ಅಂತರ ಕಮ್ಮಿ ಅನಿಸುತ್ತದೆ ನನಗೆ. ದೇಶ, ಭಾಷೆ, ಸಂಸ್ಕೃತಿ ಅಂತ ದೊಡ್ಡ ಮಾತು ಆಡುತ್ತೇವೆ. ಮಕ್ಕಳ ಮಟ್ಟಿಗೆ ಅದಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಫೋನ್ ಬಿಲ್ಲು.

ಕೊರಿಯಾದ ಮಕ್ಕಳು ನಮ್ಮ ಹಾಗೇ ಹೊರಗೆ ಹೋದವರು. 1997ರ ಕೊನೆಗೆ ಅಲ್ಲಿ ಆರ್ಥಿಕ ಬಿಕ್ಕಟ್ಟು ಬಂದು ಎಷ್ಟೋ ಜನ ಕೆಲಸ ಕಳೆದುಕೊಂಡರು. ಕೆಲವರು ಕೈಲಿದ್ದ ದುಡ್ಡು ಹಾಕಿ ಪಿಸಿ ಬಾಂಗ್ ತೆರೆದರು. ಪಿಸಿ ಬಾಂಗ್ ಅಂದರೆ ಕಂಪ್ಯೂಟರ್ ರೂಮು. 1998ರಲ್ಲಿ ಸ್ಟಾರ್‌ಕ್ರಾಫ್ಟ್ ಅನ್ನುವ ಆಟ ಬಂದು ಆ ರೂಮುಗಳು ತುಂಬಿ ತುಳುಕಿದವು. ಇದನ್ನು ಓದುವಾಗ ನನಗೆ ನಮ್ಮ ಮಿಲ್ಲುಗಳು ನೆನಪಾದವು. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರಿನಲ್ಲಿ ಒಂದೊಂದೇ ಹತ್ತಿ ಮಿಲ್ಲಿನ ಸೈರನ್ ನಿಂತಿತ್ತು. ಕೆಲಸ ಹೋದವರು ನಮ್ಮಲ್ಲಿ ಮಿರ್ಚಿ ಗಾಡಿ ಹಾಕಿದರು, ಆಟೋ ತಗೊಂಡರು. ಸೈಬರ್ ಹಾಕುವಷ್ಟು ದುಡ್ಡು ಯಾರ ಹತ್ತಿರವೂ ಇರಲಿಲ್ಲ. ಇದ್ದಿದ್ದರೆ ನಾವೂ ಗೇಮ್ ಆಡಿ ದೇಶಕ್ಕೆ ಹೆಸರು ತರುತ್ತಿದ್ದೆವೋ ಏನೋ, ಇರಲಿ.

ಕೊರಿಯಾದ ಸರಕಾರಕ್ಕೆ ಮುಂದೆ ಇದೇ ತಲೆನೋವಾಯಿತು. 2011ರಲ್ಲಿ 16 ವರ್ಷದ ಒಳಗಿನ ಮಕ್ಕಳು ಮಧ್ಯರಾತ್ರಿಯಿಂದ ಬೆಳಿಗ್ಗೆ 6ರವರೆಗೆ ಆನ್‌ಲೈನ್ ಗೇಮ್ ಆಡುವ ಹಾಗಿಲ್ಲ ಅಂತ ಕಾನೂನು ಬಂತು. ಹತ್ತು ವರ್ಷ ನಡೆಸಿ, ಆಮೇಲೆ ಕೈಬಿಟ್ಟರು. ಅಷ್ಟರಲ್ಲಿ ಮಕ್ಕಳು ಮೊಬೈಲಿಗೆ ಹೋಗಿದ್ದರು.

ಬೀಜಿಂಗ್‌ನದು ಮಾತ್ರ ಓದಿ ಮೈ ನಡುಗಿದ ಕಥೆ. 2002ರ ಜೂನಿನಲ್ಲಿ ಅಲ್ಲಿನ ಒಂದು ಇಂಟರ್ನೆಟ್ ಕೆಫೆಗೆ ಬೆಂಕಿ ಬಿದ್ದು 25 ಜನ ಸತ್ತರು. ಹಚ್ಚಿದವರು 13, 14 ವರ್ಷದ ಹುಡುಗರು. ಕೆಫೆಯವರ ಜೊತೆ ಜಗಳ ಆಗಿತ್ತು. ಕಿಟಕಿಗಳಿಗೆ ಕಬ್ಬಿಣದ ಸರಳು. ಅದಾದ ಮೇಲೆ ಚೀನಾದಲ್ಲಿ 18 ವರ್ಷದ ಒಳಗಿನವರು ಇಂಟರ್ನೆಟ್ ಕೆಫೆಯ ಒಳಗೆ ಕಾಲಿಡುವ ಹಾಗಿಲ್ಲ ಅಂತ ಆಯಿತು. ನಮ್ಮ ನೆಲಮಾಳಿಗೆಗೂ ಒಂದೇ ಮೆಟ್ಟಿಲ ದಾರಿ. ಕಿಟಕಿಯೇ ಇರಲಿಲ್ಲ. ಕರೆಂಟ್ ಹೋದಾಗ ಯುಪಿಎಸ್ ‘ಟೀ ಟೀ’ ಅಂತ ಅಳುತ್ತಿತ್ತು. ಅದೂ ಸುಮ್ಮನಾದರೆ ಕಗ್ಗತ್ತಲು. ಆ ಕತ್ತಲಲ್ಲಿ ಹದಿನೈದು ಹುಡುಗರು ‘ಹೋ’ ಅಂತ ಕೂಗುತ್ತಿದ್ದೆವು. ಎಲ್ಲರಿಗಿಂತ ಜೋರಾಗಿ ಕೂಗಿದವನು ನಾನೇ.

ನಮ್ಮ ದೇಶದಲ್ಲಿ ಸೈಬರ್ ಕೆಫೆಗಳಿಗೆ ಅಂತಲೇ ಕೇಂದ್ರದ ನಿಯಮ ಬಂದದ್ದು 2011ರಲ್ಲಿ. ಗೂಡಿನ ಗೋಡೆ ನಾಲ್ಕೂವರೆ ಅಡಿಗಿಂತ ಎತ್ತರ ಇರಬಾರದು ಅಂತ ಅಳತೆ ಸಹಿತ ಬರೆದಿದ್ದಾರೆ. ಅಷ್ಟು ಹೊತ್ತಿಗೆ ನಮ್ಮ ಸೆಂಟರಿನ ಪ್ಲೈವುಡ್ ಯಾವುದೋ ಅಂಗಡಿಯ ಕಪಾಟಾಗಿತ್ತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುತ್ತಾರಲ್ಲ, ಹಾಗೆ.

ಈಗ ಚಪ್ಪಲಿ ವಿಷಯ.

‘ನಾವು ಮೂರು ಜನ’ ಅಂತ ಇಷ್ಟು ಹೊತ್ತು ಹೆಮ್ಮೆಯಿಂದ ಬರೆದೆನಲ್ಲ, ಆ ಮೂವರೂ ಹುಡುಗರು. ನನ್ನ ಅಕ್ಕ ನನಗಿಂತ ಎರಡು ವರ್ಷ ದೊಡ್ಡವಳು, ಓದಿನಲ್ಲಿ ನನಗಿಂತ ಎಷ್ಟೋ ಮುಂದೆ. ಅವಳು ಆ ಮೆಟ್ಟಿಲು ಇಳಿದದ್ದು ಒಂದೇ ಸಲ. ಪಿಯುಸಿ ರಿಸಲ್ಟ್ ದಿನ, ಅಪ್ಪನ ಜೊತೆ. ರಿಸಲ್ಟ್ ನೋಡಲು ಹತ್ತು ರೂಪಾಯಿ. ಜಾತ್ರೆ ಥರ ಜನ. ಪೇಜು ತೆರೆಯುತ್ತಿಲ್ಲ. ಅಂಗಡಿಯಣ್ಣ ಒಂದು ಗಂಟೆ ಒತ್ತಿ ಒತ್ತಿ ಕೊನೆಗೆ ನಂಬರ್ ಹೊಡೆದ. ಬುಡುಬುಡಿಕೆ ಬಂತು, ಹೋಯಿತು, ಅಂಕ ಬಂತು. ಅವನು ಒಳ್ಳೆಯ ಮನಸ್ಸಿನಿಂದಲೇ ಗಟ್ಟಿಯಾಗಿ ಓದಿದ: ಕನ್ನಡ ಇಷ್ಟು, ಮ್ಯಾಥ್ಸ್ ಇಷ್ಟು, ‘ಕೆಮಿಸ್ಟ್ರಿ 41, ಕಮ್ಮಿ ಆಯ್ತಲ್ಲಮ್ಮಾ’. ಗುರುತಿಲ್ಲದ ಇಪ್ಪತ್ತು ಹುಡುಗರು ತಿರುಗಿ ನೋಡಿದರು. ಅಕ್ಕ ಮತ್ತೆ ಆ ಕಡೆ ಹೋಗಲಿಲ್ಲ.

ಕೆಮಿಸ್ಟ್ರಿಯಿಂದಾಗಿ ಹೋಗಲಿಲ್ಲ ಅಂತ ನಾನು ಅಂದುಕೊಂಡಿದ್ದೆ. ಮೊನ್ನೆ ಮೊನ್ನೆ ಅವಳೇ ಹೇಳಿದಳು. ಅದಕ್ಕೂ ಮೊದಲೇ ಎರಡು ಮೂರು ಸಲ ಗೆಳತಿಯ ಜೊತೆ ಬಾಗಿಲವರೆಗೆ ಬಂದಿದ್ದಳಂತೆ. ಹೊರಗೆ ಬಿಟ್ಟ ಚಪ್ಪಲಿ ರಾಶಿ ನೋಡಿದರಂತೆ. ಎಲ್ಲ ಗಂಡುಮಕ್ಕಳ ಚಪ್ಪಲಿ. ಒಂದಾದರೂ ಹೆಣ್ಣುಮಕ್ಕಳ ಚಪ್ಪಲಿ ಇದ್ದಿದ್ದರೆ ಒಳಗೆ ಬರುತ್ತಿದ್ದೆವು ಅಂದಳು. ನಾನು ವಾರಕ್ಕೆ ಎರಡು ಸಲ ಅದೇ ರಾಶಿಗೆ ನನ್ನ ಚಪ್ಪಲಿ ಸೇರಿಸುತ್ತಿದ್ದೆ. ನನಗೆ ಅದು ಒಂದು ದಿನವೂ ಕಂಡಿರಲಿಲ್ಲ.

ಜಪಾನಿನಲ್ಲಿ ಇದು ತಿರುವುಮುರುವು. ಅಲ್ಲಿ 90ರ ದಶಕದ ನಡುವೆ ಪೇಜರ್ ಅನ್ನುವ ಸಂದೇಶದ ಡಬ್ಬಿಯನ್ನು ಆಟದ ಸಾಮಾನು ಮಾಡಿಕೊಂಡವರು ಹೈಸ್ಕೂಲ್ ಹುಡುಗಿಯರು. ಪೇಜರಿಗೆ ಅಂಕಿ ಮಾತ್ರ ಹೋಗುತ್ತಿತ್ತು. ಹಾಗಾಗಿ ಅಂಕಿಗಳ ಉಚ್ಚಾರ ಜೋಡಿಸಿ ಮಾತು ಮಾಡಿದರು. 4649 ಅಂದರೆ ‘ಯೊರೊಶಿಕು’, ‘ದಯವಿಟ್ಟು’ ಅನ್ನುವ ಥರದ ಮಾತು. 1999ರ ಫೆಬ್ರವರಿಯಲ್ಲಿ ಐ-ಮೋಡ್ ಅನ್ನುವ ಸೇವೆ ಬಂದು ಇಂಟರ್ನೆಟ್ಟೇ ಮೊಬೈಲಿಗೆ ಇಳಿಯಿತು. ಅವರ ಇಂಟರ್ನೆಟ್ ಶಾಲೆಯ ಬ್ಯಾಗಿನಲ್ಲಿ ಇತ್ತು. ಯಾರ ಚಪ್ಪಲಿಯನ್ನೂ ದಾಟಿ ಹೋಗಬೇಕಿರಲಿಲ್ಲ. ಅಕ್ಕನ ಕೈಗೆ ಇಂಟರ್ನೆಟ್ ಇರುವ ಫೋನ್ ಬಂದದ್ದು 2016ರ ಕೊನೆಗೆ, ಜಿಯೋ ಸಿಮ್ ಜೊತೆ. ಆಗ ಅವಳಿಗೆ ಇಬ್ಬರು ಮಕ್ಕಳು. ಆರಂಭದ ಇಂಟರ್ನೆಟ್ ಬಾಲ್ಯವನ್ನು ಹೇಗೆ ಬದಲಿಸಿತು ಅಂತ ಅವಳನ್ನು ಕೇಳಿದರೆ, ‘ತಮ್ಮ ಊಟಕ್ಕೆ ಲೇಟಾಗಿ ಬರುತ್ತಿದ್ದ, ಅಷ್ಟೇ’ ಅನ್ನುತ್ತಾಳೆ.

ಇನ್ನು ಭಾಷೆ. ನಮ್ಮ ಜೀವನದ ಮೊದಲ ಇಮೇಲ್‌ಗಳು ಕನ್ನಡದವೇ, ಅಕ್ಷರ ಮಾತ್ರ ಇಂಗ್ಲಿಷಿನವು. ಕನ್ನಡದಲ್ಲಿ ಬರೆಯಲು ಬರಹ, ನುಡಿ ಅಂತ ತಂತ್ರಾಂಶಗಳು ಇದ್ದವು. ಆದರೆ ಇಲ್ಲಿ ಬರೆದದ್ದು ಆ ಕಡೆಯವರಿಗೆ ಕಾಣಬೇಕಾದರೆ ಅದೇ ಫಾಂಟು ಅಲ್ಲೂ ಇರಬೇಕು. ಇಲ್ಲದಿದ್ದರೆ ಬರೀ ಚೌಕ ಚೌಕ ಡಬ್ಬಿ, ಇಲ್ಲವೇ ಇರುವೆ ಸಾಲಿನಂಥ ಗುರುತು. ಸೈಬರ್‌ನಲ್ಲಿ ಫಾಂಟ್ ಹಾಕಲು ಬಿಡುತ್ತಿರಲಿಲ್ಲ, ವೈರಸ್ ಬರುತ್ತದೆ ಅಂತ. ಹಾಗಾಗಿ ಇಂಗ್ಲಿಷ್ ಅಕ್ಷರವೇ ಗತಿ. ಅದರಲ್ಲಿ ಲ ಮತ್ತು ಳ ಎರಡೂ ಒಂದೇ. ನಮ್ಮಲ್ಲೊಬ್ಬ ರಜೆಗೆ ಹರಿಹರದ ಕಡೆ ಹೋಗಿ, ಅಲ್ಲಿನ ಸೈಬರ್‌ನಿಂದ ಒಂದು ಸಾಲು ಬರೆದ. ಅವನು ಬರೆದದ್ದು ‘ಹಳ್ಳಿಯಲ್ಲಿ ಇದ್ದೇನೆ, ಹಳ್ಳಿ ಚೆನ್ನಾಗಿದೆ’ ಅಂತ. ನಾವು ಓದಿದ್ದು ‘ಹಲ್ಲಿ ಚೆನ್ನಾಗಿದೆ’ ಅಂತ. ಅವತ್ತಿನಿಂದ ಇವತ್ತಿನವರೆಗೂ ಅವನು ನಮಗೆ ಹಲ್ಲಿ.

ಅರಬ್ ದೇಶಗಳ ಮಕ್ಕಳು ಇದೇ ಹೊತ್ತಿನಲ್ಲಿ ಇಂಗ್ಲಿಷ್ ಕೀಬೋರ್ಡಿನಲ್ಲಿ ಅರಬ್ಬಿ ಬರೆಯಲು ಹೊರಟು, ಗಂಟಲಿನಿಂದ ಬರುವ ತಮ್ಮ ಅಕ್ಷರಗಳಿಗೆ ಅಂಕಿ ಹಚ್ಚಿದರು. ಒಂದಕ್ಕೆ 7, ಇನ್ನೊಂದಕ್ಕೆ 3, ಆಕಾರ ಹೋಲುತ್ತದೆ ಅಂತ. ಗ್ರೀಕ್ ಮಕ್ಕಳೂ ಹೀಗೇ ಒಂದು ಕಲಬೆರಕೆ ಮಾಡಿಕೊಂಡರು. ನಮಗೆ ಳ ಬೇಕಾದರೆ 7 ಹಾಕೋಣ ಅಂತ ಯಾಕೆ ಹೊಳೆಯಲಿಲ್ಲ? ಹೊಳೆದಿದ್ದರೆ ಒಬ್ಬ ಹುಡುಗನ ಹೆಸರು ಉಳಿಯುತ್ತಿತ್ತು.

ಆ ಇಮೇಲ್ ವಿಳಾಸವೂ ಮೂವರಿಗೆ ಸೇರಿ ಒಂದೇ. ರೆಡಿಫ್‌ಮೇಲ್‌ನಲ್ಲಿ ಮೂರೂ ಹೆಸರಿನ ಮೊದಲ ಅಕ್ಷರ ಜೋಡಿಸಿ ಮಾಡಿದ್ದು. ಪಾಸ್‌ವರ್ಡ್ ಯಾರ ಹತ್ತಿರ ಇರಬೇಕು ಅಂತ ಜಗಳ ಆಯಿತು. ಒಬ್ಬನ ಹತ್ತಿರ ಇದ್ದರೆ ಇನ್ನಿಬ್ಬರನ್ನು ಬಿಟ್ಟು ನೋಡುತ್ತಾನೆ. ಕೊನೆಗೆ ಒಂದು ದಾರಿ ಹುಡುಕಿದೆವು. ಮೂವರೂ ಒಂದೊಂದು ತುಂಡು ಹೊಡೆಯುವುದು, ಹೊಡೆಯುವಾಗ ಉಳಿದಿಬ್ಬರು ಗೋಡೆ ಕಡೆ ತಿರುಗುವುದು. ರಜೆಗೆ ಹೊರಡುವ ಮೊದಲು ಮಾತ್ರ ಹಲ್ಲಿಗೆ ಒಂದು, ನಮ್ಮಿಬ್ಬರಿಗೆ ಒಂದು ಬೇರೆ ವಿಳಾಸ ಮಾಡಿಕೊಂಡಿದ್ದೆವು. ನಮ್ಮದು ಮೂರು ಜನ ಸೇರಿದರೆ ಮಾತ್ರ ತೆರೆಯುವ ಪೆಟ್ಟಿಗೆ. ಒಬ್ಬನಿಗೆ ಜ್ವರ ಬಂದರೆ ಆ ವಾರ ಮೇಲ್ ಇಲ್ಲ.

ಕಳೆದ ದೀಪಾವಳಿಗೆ ಮೂವರೂ ಊರಿಗೆ ಬಂದಿದ್ದೆವು. ಸೆಂಟರ್ ಇದ್ದ ಜಾಗದಲ್ಲಿ ಈಗ ಮೊಬೈಲ್ ಕವರ್ ಅಂಗಡಿ. ಚಪ್ಪಲಿ ಹಾಕಿಕೊಂಡೇ ಒಳಗೆ ಹೋಗಬಹುದು. ದೋಸೆ ಹೋಟೆಲಿನಲ್ಲಿ ಕೂತು ಆ ವಿಳಾಸದ ಮಾತು ಬಂತು. ಇಷ್ಟು ವರ್ಷ ಮುಟ್ಟದ ಖಾತೆ ಎಲ್ಲಿ ಉಳಿದಿರುತ್ತದೆ, ಎಂದೋ ಅಳಿಸಿರುತ್ತಾರೆ. ಆದರೂ ನೋಡೇಬಿಡೋಣ ಅಂತ ಫೋನ್ ತೆಗೆದೆ. ನನ್ನ ತುಂಡು ನನಗೆ ನೆನಪಿತ್ತು, ಹೊಡೆದೆ. ಇಂಗ್ಲಿಷ್ ಮೀಡಿಯಂನವನೂ ಸ್ವಲ್ಪ ತಡಕಾಡಿ ಅವನದು ಹೊಡೆದ. ಫೋನು ಹಲ್ಲಿಯ ಕೈಗೆ ಹೋಯಿತು. ಅವನು ಬೆಣ್ಣೆ ಹತ್ತಿದ ಬೆರಳು ಒರೆಸಿಕೊಂಡು ನಮ್ಮಿಬ್ಬರ ಮುಖ ನೋಡಿದ.

‘ಲೇ, ಆ ಕಡೆ ತಿರುಗ್ರಲೇ’ ಅಂದ.